ಪತ್ತೇದಾರರು ಹಲ್ಲು ಕೀಳಿಸಿಕೊಂಡ ದಿನ

ಮುನ್ನೂರ ಹನ್ನೆರಡನೇ ಪುಟ ಮುಗಿಯುತ್ತಲೇ ಪತ್ತೇದಾರರು ಕಾದಂಬರಿಯನ್ನು ಮೇಜಿನ ಮೇಲೆ ಧೊಪ್ಪೆಂದು ಎಸೆದರು. ಲೋಟದಲ್ಲಿದ್ದ ಚಹಾ ಹೆದರಿ ತಟ್ಟೆಗೆ ತುಳುಕಿತು.

ಅವರ ನಿಜವಾದ ಉದ್ಯೋಗ ನೀರೆತ್ತುವ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಹಳೆಯ ಕಡತಗಳನ್ನು ಕಾಯುವುದು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಕಡತಗಳನ್ನು ಕಾಯ್ದದ್ದಕ್ಕಿಂತ ಕಡತಗಳೇ ಅವರನ್ನು ಕಾಯ್ದದ್ದು ಹೆಚ್ಚು. ದಪ್ಪನೆಯ ಫೈಲೊಂದನ್ನು ಎದುರಿಗೆ ತೆರೆದಿಟ್ಟು, ಅದರ ಮರೆಯಲ್ಲಿ ಕೊಲೆಯ ಕಾದಂಬರಿ ಓದುತ್ತ ಕೂತರೆ ಸಂಜೆಯಾದದ್ದೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ಪತ್ತೇದಾರ ಎಂಬ ಅಡ್ಡಹೆಸರು ಬಿತ್ತು. ಅಡ್ಡಹೆಸರು ಕಚೇರಿಯಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದು ತಳವೂರಿತು. ಅವರಿಗೂ ಒಳಗೊಳಗೇ ಖುಷಿ.

ಬರಿದೆ ಓದಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅವರಿಗೆ ಅಭಿಪ್ರಾಯಗಳಿದ್ದವು. ಮೊದಲ ಅಧ್ಯಾಯದಲ್ಲಿ ಬಂದವರಿಗೆಲ್ಲ ಕುರ್ಚಿ ಕೊಟ್ಟು ಉಪಚರಿಸುವವನೇ ಕೊಲೆಗಾರ. ಲೋಕದಲ್ಲಿ ಯಾರೂ ಸುಮ್ಮಸುಮ್ಮನೆ ಅಷ್ಟು ಒಳ್ಳೆಯವರಾಗಿರುವುದಿಲ್ಲ. ಕಡೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ ಮೂವತ್ತು ಪುಟ ಭಾಷಣ ಬಿಗಿಯುವ ಪತ್ತೇದಾರನನ್ನು ಕೊಲೆಗಾರ ಹತ್ತನೇ ಪುಟದಲ್ಲೇ ಮುಗಿಸದೆ ಬಿಡುವುದೇಕೆಂದು ಅವರಿಗೆ ಈವರೆಗೆ ಅರ್ಥವಾಗಿರಲಿಲ್ಲ. ಇದನ್ನೆಲ್ಲ ಅವರು ನಾಲ್ಕು ನಾಲ್ಕು ಪುಟದ ಕಾಗದ ಮಾಡಿ, ಪುಸ್ತಕ ಅಚ್ಚು ಹಾಕಿಸಿದ ಪ್ರಕಾಶಕರ ವಿಳಾಸ ಬರೆದು, ಅಂಚೆಗೆ ಹಾಕೆಂದು ಹೆಂಡತಿಯ ಕೈಗೆ ಕೊಡುತ್ತಿದ್ದರು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಸತ್ಯ ಹೇಳಿದರೆ ಯಾರಿಗೆ ಹಿಡಿಸುತ್ತದೆ ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ಈ ಸಲದ ಕಾದಂಬರಿ ಮನಸ್ಸಿನ ಮೇಲೆ ನಡೆಯುವ ಅಪರಾಧದ್ದು. ಗಂಡನೊಬ್ಬ ಹೆಂಡತಿಯ ಕನ್ನಡಕವನ್ನು ದಿನಕ್ಕೊಂದು ಕಡೆ ಇಡುತ್ತಾನೆ, ಗಡಿಯಾರದ ಮುಳ್ಳು ತಿರುಗಿಸುತ್ತಾನೆ, ಅವಳು ಹೇಳದ ಮಾತನ್ನು ನಿನ್ನೆ ನೀನೇ ಹೇಳಿದೆ ಎನ್ನುತ್ತಾನೆ. ಇನ್ನೂರನೇ ಪುಟದ ಹೊತ್ತಿಗೆ ತನಗೆ ಹುಚ್ಚು ಹಿಡಿದಿದೆ ಎಂದು ಅವಳೇ ನಂಬಿಬಿಡುತ್ತಾಳೆ.

"ಇಂಥ ದಡ್ಡಿ ಎಲ್ಲಾದ್ರೂ ಇರ್ತಾಳಾ?" ಎಂದರು ಪತ್ತೇದಾರರು. "ನಾನು ಹೇಳದೇ ಇದ್ದದ್ದನ್ನ ಹೇಳಿದೀಯ ಅಂದ್ರೆ ನಾನು ನಂಬ್ತೀನಾ? ನನ್ನ ಮುಂದೆ ಯಾರಾದ್ರೂ ಇಂಥ ಆಟ ಕಟ್ಲಿ, ಐದೇ ನಿಮಿಷದಲ್ಲಿ ಹಿಡೀತೀನಿ."

ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡು ಮಾಡಿ, ಗಂಡನನ್ನು ಒಂದು ಗಳಿಗೆ ನೋಡಿ, "ಹೌದಾ, ನೋಡೋಣ ಬಿಡಿ" ಎಂದಳು.

ಆ 'ನೋಡೋಣ' ಪತ್ತೇದಾರರ ಕಿವಿಗೆ ನಾಟಿತು. ಅವರು ಓದಿದ ಕಾದಂಬರಿಗಳಲ್ಲಿ ಅಧ್ಯಾಯದ ಕೊನೆಗೆ ಯಾರಾದರೂ ನೋಡೋಣ ಎಂದರೆ ಮುಂದಿನ ಅಧ್ಯಾಯದಲ್ಲಿ ಒಬ್ಬರಿಗೆ ಗ್ರಹಚಾರ ಕಾದಿರುತ್ತಿತ್ತು.

ಕಚೇರಿಗೆ ಹೊರಟು ಮೆಟ್ಟಿಲಿಳಿಯುವಾಗ ಕೆಳಮನೆಯ ನಿವೃತ್ತ ಮೇಷ್ಟ್ರು ರಿಜಿಸ್ಟರು ಹಿಡಿದು ನಿಂತಿದ್ದರು. ಹೋದ ಭಾನುವಾರ ನೀವು ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾಗಲು ಒಪ್ಪಿಕೊಂಡಿರಲ್ಲ, ಇಲ್ಲಿ ಒಂದು ಸಹಿ ಹಾಕಿ. ಮೇಲಿನ ತೊಟ್ಟಿ ತೊಳೆಸುವುದು, ಕಟ್ಟಿಕೊಂಡ ಮೋರಿ, ಎರಡನೇ ಮಹಡಿಯ ನಾಯಿ, ಎಲ್ಲ ಇನ್ನು ನಿಮ್ಮ ಪಾಲಿಗೆ ಎಂದರು.

ಪತ್ತೇದಾರರಿಗೆ ಅಂಥದ್ದೇನೂ ನೆನಪಿರಲಿಲ್ಲ. ಮರುಕ್ಷಣವೇ ತಲೆಯೊಳಗೆ ದೀಪ ಹತ್ತಿತು. ಹೇಳದ ಮಾತನ್ನು ಹೇಳಿದಿರಿ ಎನ್ನುವುದು. ಹೆಂಡತಿ ಆಗಲೇ ಕೆಳಗೆ ಫೋನ್ ಮಾಡಿ ಮೇಷ್ಟ್ರನ್ನು ಒಪ್ಪಿಸಿಬಿಟ್ಟಿದ್ದಾಳೆ. ಐದು ನಿಮಿಷವೇಕೆ, ಅರ್ಧ ನಿಮಿಷವೂ ಬೇಕಾಗಲಿಲ್ಲ. ಕಳ್ಳ ಸಿಕ್ಕಿದ ಮೇಲೆ ಅವನನ್ನು ಸ್ವಲ್ಪ ಓಡಾಡಲು ಬಿಡುವುದು ಜಾಣ ಪತ್ತೇದಾರನ ಲಕ್ಷಣವಾದ್ದರಿಂದ ಇವರು ಮೂರು ವರ್ಷದ ಅವಧಿಗೆ ಸರಸರನೆ ಸಹಿ ಹಾಕಿ, ನಾಯಿಯ ವಿಷಯವನ್ನು ತಾವು ಖುದ್ದಾಗಿ ನೋಡಿಕೊಳ್ಳುವುದಾಗಿ ಮಾತು ಕೊಟ್ಟು, ಕಣ್ಣು ಮಿಟುಕಿಸಿದರು. ಎಪ್ಪತ್ತು ವರ್ಷದಲ್ಲಿ ಯಾರಿಂದಲೂ ಕಣ್ಣು ಮಿಟುಕಿಸಿಕೊಂಡಿರದ ಮೇಷ್ಟ್ರು ರಿಜಿಸ್ಟರನ್ನು ಎದೆಗವಚಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಕಚೇರಿಗೆ ಹೋದರೆ ಅವರ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಿದ್ದಳು. ಅವರ ಮೆತ್ತೆ, ಛತ್ರಿ, ಹನ್ನೊಂದು ಕಾದಂಬರಿಗಳು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಗ್ಗ ಬಿಗಿಸಿಕೊಂಡು ಬಾಗಿಲ ಬಳಿ ನಿಂತಿದ್ದವು. ಸಾರ್, ನಿಮ್ಮನ್ನು ಹಿಂದಿನ ಗೋದಾಮಿಗೆ ಹಾಕಿದ್ದಾರಂತೆ ಎಂದು ಆ ಹುಡುಗಿ ಅಂಜುತ್ತಲೇ ಆದೇಶದ ಪ್ರತಿ ತೋರಿಸಿದಳು. ಕೆಳಗೆ, ಆದೇಶ ತಲುಪಿತೆಂಬುದಕ್ಕೆ, ಪತ್ತೇದಾರರ ಸಹಿಯಿತ್ತು.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. "ನನ್ನ ಸಹಿ ನಾನೇ ಇಷ್ಟು ಚೆನ್ನಾಗಿ ಹಾಕಲ್ಲಮ್ಮ. ಯಾರ ಕೈಚಳಕ ಇದು?"

ಹುಡುಗಿ ಗಾಬರಿಯಾದಳು. ಟೈಪಿಸ್ಟು ಎದ್ದು ಬಂದು, ಹನ್ನೆರಡನೇ ತಾರೀಕು ನನ್ನ ಕಣ್ಣೆದುರಿಗೇ ಹಾಕಿದಿರಿ ಎಂದು ಆಣೆ ಮಾಡಿದಳು. ಟಪಾಲು ಗುಮಾಸ್ತ, ಆದೇಶವನ್ನು ತಂದುಕೊಟ್ಟವನು ನಾನೇ ಎಂದ. ಅವರು ಒತ್ತಿ ಹೇಳಿದಷ್ಟೂ ಪತ್ತೇದಾರರ ಮುಖ ಅರಳುತ್ತ ಹೋಯಿತು. ಟಪಾಲು ಗುಮಾಸ್ತನ ಅಭಿನಯ ಸಹಜವಾಗಿದೆ, ಟೈಪಿಸ್ಟಳದು ತುಸು ಅತಿಯಾಯಿತು, ಆಣೆ ಬೇಕಿರಲಿಲ್ಲ ಎಂದು ಅಭಿಪ್ರಾಯ ಕೊಟ್ಟರು. ಸುತ್ತ ಜನ ಸೇರಿತು. ಒಬ್ಬರು ನೀರು ಕುಡಿಸಿ ಎಂದರು, ಇನ್ನೊಬ್ಬರು ರಕ್ತದೊತ್ತಡ ಎಂದರು. ಮತ್ತೊಬ್ಬರು ತಮ್ಮ ಸೋದರಮಾವನಿಗೂ ಮೊದಮೊದಲು ಹೀಗೇ ಶುರುವಾಗಿದ್ದನ್ನು ಹೇಳಹೊರಟು, ಆಮೇಲೆ ಏನಾಯಿತೆಂದು ಹೇಳದೆ ನಿಟ್ಟುಸಿರುಬಿಟ್ಟರು.

ಗದ್ದಲ ಕೇಳಿ ಮ್ಯಾನೇಜರು ಕರೆಸಿದರು. ಅವರದು ಬಿಗಿಯಾಗಿ ತಿರುಗಿಸಿದ ನಲ್ಲಿಯಂಥ ಮುಖ, ಒಂದು ಹನಿ ನಗುವೂ ತೊಟ್ಟಿಕ್ಕದು. ಮಧ್ಯಾಹ್ನದೊಳಗೆ ಗೋದಾಮಿಗೆ ಹೋಗಬೇಕು, ಇಲ್ಲವಾದರೆ ಹೋಗುವುದಿಲ್ಲವೆಂದು ಬರೆದುಕೊಡಬೇಕು ಎಂದರು.

ಪತ್ತೇದಾರರು ಚಪ್ಪಾಳೆ ತಟ್ಟಿದರು. "ನಮ್ಮನೆಯವಳು ನಿಮ್ಮನ್ನೂ ಬಿಡಲಿಲ್ವಾ ಸಾರ್?"

ಮ್ಯಾನೇಜರು ಬೆರಳಿನಿಂದ ಬಾಗಿಲು ತೋರಿಸಿದರು.

ಹೊರಗಿನ ಪಡಸಾಲೆಯಲ್ಲಿ ಪತ್ತೇದಾರರು ಒಬ್ಬರೇ ನಗುತ್ತ ನಿಂತಿದ್ದಾಗ ಅವರ ಫೋನು ಬಡಿದುಕೊಂಡಿತು. ಅಪರಿಚಿತ ನಂಬರು. ಗಂಭೀರವಾದ ಹೆಣ್ಣು ದನಿ, ತಾನು ಪ್ರಕಾಶಕರ ಕಚೇರಿಯಿಂದ ಮಾತಾಡುತ್ತಿರುವುದಾಗಿ ಹೇಳಿತು. ನಿಮ್ಮ ಕಾಗದಗಳನ್ನೆಲ್ಲ ನಮ್ಮ ಸಂಪಾದಕರು ಓದಿ ಬೆರಗಾಗಿದ್ದಾರೆ, ಇನ್ನು ಮುಂದೆ ನಮ್ಮಲ್ಲಿ ಯಾವ ಪತ್ತೇದಾರಿ ಕಾದಂಬರಿಯೂ ನೀವು ಓದಿ ಒಪ್ಪದೆ ಅಚ್ಚಿಗೆ ಹೋಗಕೂಡದು ಎಂದು ತೀರ್ಮಾನವಾಗಿದೆ, ಸೋಮವಾರದಿಂದ ಕೆಲಸಕ್ಕೆ ಬರಬಹುದೇ ಎಂದು ಕೇಳಿತು.

ಪತ್ತೇದಾರರು ಬೇಸ್ತು ಬೀಳುವವರಲ್ಲ. ಯಾವ ಕಾಗದ, ಅದರಲ್ಲೇನಿತ್ತು ಎಂದು ಪಾಟೀಸವಾಲು ಹಾಕಿದರು. ದನಿ ತಡವರಿಸದೆ ಓದಿತು: "ವಿಷ ಹಾಕಿದವನು ಎಡಚ ಅಂತ ನೂರನೇ ಪುಟದಲ್ಲಿ ಹೇಳಿದವರು ನೂರೈವತ್ತನೇ ಪುಟದಲ್ಲಿ ಅವನ ಕೈಲಿ ಬಲಗೈಯಿಂದ ಹಲ್ಲುಜ್ಜಿಸಿದ್ದೀರಿ. ಓದುಗರಿಗೆ ಕಣ್ಣಿಲ್ಲ ಅಂದುಕೊಂಡಿದ್ದೀರಾ?"

ಅಕ್ಷರಕ್ಕಕ್ಷರ ಅವರದೇ ವಾಕ್ಯ. ಕಾಗದ ತಲುಪಿದವರ ಹೊರತು ಪ್ರಪಂಚದಲ್ಲಿ ಇನ್ನಾರಿಗೂ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಬೆಳಗಿನಿಂದ ನಡೆದದ್ದರಲ್ಲಿ ಒಂದೂ ಲೋಪವಿಲ್ಲದ ಸಂಗತಿ ಎಂದರೆ ಇದೊಂದೇ. ಪತ್ತೇದಾರರ ಕಣ್ಣು ತೇವವಾಯಿತು. ಬರುತ್ತೇನೆ ಎಂದರು. ದನಿ ಯಾಕೋ ಕೆಮ್ಮಿ ಫೋನ್ ಇಟ್ಟಿತು.

ಐದು ನಿಮಿಷದ ಬಳಿಕ ಅವರು ಮ್ಯಾನೇಜರ ಕೋಣೆಗೆ ನುಗ್ಗಿದರು. ಬರೆದುಕೊಡಲೇಬೇಕೆಂದರೆ ಪೂರ್ತಿಯಾಗಿಯೇ ಬರೆದುಕೊಡುತ್ತೇನೆ ಎಂದು ರಾಜೀನಾಮೆ ಪತ್ರ ಗೀಚಿದರು. ಇಪ್ಪತ್ತೆರಡು ವರ್ಷ ಈ ಕಂಪನಿಯಲ್ಲಿ ನಿಗೂಢವಾದದ್ದೇನಾದರೂ ಇದ್ದರೆ ಅದು ತಮಗೆ ಬಡ್ತಿ ಸಿಗದಿದ್ದುದು ಮಾತ್ರ ಎಂಬ ಸಾಲನ್ನೂ ಸೇರಿಸಿದರು. ಮ್ಯಾನೇಜರು ಅದನ್ನು ಎರಡು ಸಲ ಓದಿ, ಬರೆದವರು ಮನಸ್ಸು ಬದಲಾಯಿಸುವ ಮೊದಲೇ ಅಂಗೀಕರಿಸಿ, ಒಂದು ಸೀಲು ಸಾಲದೆಂಬಂತೆ ಎರಡು ಸೀಲು ಒತ್ತಿ ಒಂದು ಪ್ರತಿಯನ್ನು ಕೈಗಿತ್ತರು.

ಪತ್ತೇದಾರರು ಬೀದಿಯಲ್ಲಿ ಗಾಳಿಪಟದಂತೆ ತೇಲಿಕೊಂಡು ಬರುತ್ತಿದ್ದಾಗ ಹಲ್ಲಿನ ಆಸ್ಪತ್ರೆಯ ನರ್ಸಮ್ಮ ಬಾಗಿಲಿಂದಲೇ ಕರೆದಳು. ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿದ್ದಿರಿ, ಡಾಕ್ಟರು ಕಾಯುತ್ತಿದ್ದಾರೆ ಎಂದಳು. ರೋಗಿಗಳ ಪುಸ್ತಕದಲ್ಲಿ ಅವರ ಹೆಸರೂ ಇತ್ತು. ಹೆಂಡತಿಯ ಕೈ ಈ ಬೀದಿಯವರೆಗೂ ಚಾಚಿದೆಯಲ್ಲ ಎಂದು ಪತ್ತೇದಾರರಿಗೆ ಅವಳ ಬಗ್ಗೆ ಗೌರವವೇ ಹುಟ್ಟಿತು. ಆಟವನ್ನು ಎಲ್ಲಿಯವರೆಗೆ ಎಳೆಯುತ್ತಾರೋ ನೋಡಿಯೇಬಿಡೋಣ ಎಂದು ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದರು.

ಯಾವ ಹಲ್ಲು ತೊಂದರೆ ಕೊಡುತ್ತಿದೆ ಎಂದು ಡಾಕ್ಟರು ಕೇಳಿದರು.

"ನಿಮಗೆ ಇಷ್ಟವಾದದ್ದು ತಗೊಳ್ಳಿ ಡಾಕ್ಟ್ರೇ," ಎಂದು ಪತ್ತೇದಾರರು ಕಣ್ಣು ಮಿಟುಕಿಸಿದರು.

ಡಾಕ್ಟರು ಪುಸ್ತಕ ನೋಡಿ, ಕೆಳಗಿನ ಎಡದವಡೆ ಎಂದು ತಮಗೆ ತಾವೇ ಹೇಳಿಕೊಂಡರು. ಸೂಜಿ ಚುಚ್ಚಿದಾಗ, ಪರವಾಗಿಲ್ಲ, ಸಲಕರಣೆಗೆ ಜಿಪುಣತನ ಮಾಡಿಲ್ಲ ಎಂದುಕೊಂಡರು ಪತ್ತೇದಾರರು. ಇಕ್ಕಳ ಬಾಯೊಳಗೆ ಬಂದಾಗ, ಇಗೋ ಈಗ ನಿಲ್ಲಿಸಿ ನಗುತ್ತಾರೆ ಎಂದು ಕಾದರು. ಇಕ್ಕಳ ಹಲ್ಲನ್ನು ಹಿಡಿದು ಅಲ್ಲಾಡಿಸಿದಾಗಲೂ, ಈಗ, ಈಗ ಎಂದು ಕಾಯುತ್ತಲೇ ಇದ್ದರು. ಹಲ್ಲು ಸ್ಟೀಲ್ ಬಟ್ಟಲಿಗೆ ಬಿದ್ದು ಟಣ್ ಎಂದಿತು. ಬೆಳಗಿನಿಂದ ಮೊಟ್ಟಮೊದಲ ಬಾರಿಗೆ ಅವರಿಗೊಂದು ಅನುಮಾನ ಬಂತು.

ಮನೆ ಸೇರುವ ಹೊತ್ತಿಗೆ ಕೆನ್ನೆ ಮರಗಟ್ಟಿ ಪರರ ಕೆನ್ನೆಯಂತಾಗಿತ್ತು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹೆಂಡತಿಯನ್ನು ವಿಚಾರಿಸಿದರು. ಅವಳಿಗೆ ಅರ್ಧ ಅರ್ಥವಾಯಿತು, ಉಳಿದರ್ಧ ಸನ್ನೆಯಲ್ಲಿ ತಿಳಿಯಿತು.

"ಹಲ್ಲು ಕೀಳಿಸ್ಬೇಕು ಅಂತ ಹೋದ ವಾರ ನೀವೇ ಅಲ್ವೇನ್ರಿ ಫೋನ್ ಮಾಡಿದ್ದು," ಎಂದಳು. "ಒಂದು ಕೈಲಿ ಫೋನು, ಇನ್ನೊಂದು ಕೈಲಿ ಪುಸ್ತಕ. ಮೇಷ್ಟ್ರು ಬಂದು ಕಾರ್ಯದರ್ಶಿ ಆಗ್ತೀರಾ ಅಂತ ಕೇಳಿದಾಗ್ಲೂ ತಲೆ ಎತ್ತದೆ ಆಗ್ಲಿ ಆಗ್ಲಿ ಅಂದ್ರಿ."

ಗೋದಾಮಿನ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಆದರೆ ಕಾದಂಬರಿ ಓದುವಾಗ ಎದುರಿಗೆ ಯಾವ ಕಾಗದ ಹಿಡಿದರೂ ನೀವು ಸಹಿ ಹಾಕುತ್ತೀರಿ, ನನಗಂತೂ ಆಶ್ಚರ್ಯವಿಲ್ಲ ಎಂದಳು.

ಪತ್ತೇದಾರರು ಕುರ್ಚಿಯಲ್ಲಿ ಕುಸಿದರು. ಆದರೂ ಬಹಳ ಹೊತ್ತು ಕುಸಿದಿರಲಿಲ್ಲ. ಗೋದಾಮು ಹಾಳಾಗಲಿ, ಸೋಮವಾರ ಇದೆಯಲ್ಲ. ಮುಖದ ಬಲ ಅರ್ಧದಲ್ಲಿ ನಗು ಮೂಡಿತು. ಮಧ್ಯಾಹ್ನ ತಮಗೆ ಬಂದ ಫೋನಿನ ಸಂಗತಿಯನ್ನು ತೊದಲುತ್ತ, ಹೆಮ್ಮೆಯಿಂದ ಹೇಳಲು ಶುರುಮಾಡಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು.

ಒಳಕೋಣೆಯಿಂದ ಹೆಂಡತಿಯ ತಂಗಿ ಹೊಟ್ಟೆ ಹಿಡಿದುಕೊಂಡು ಹೊರಬಂದಳು. ಅವಳ ಕೈಯಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ನಾಲ್ಕು ವರ್ಷದ ಕಾಗದಗಳು. ಒಂದಕ್ಕೂ ಅಂಚೆಚೀಟಿ ಅಂಟಿರಲಿಲ್ಲ.

"ಭಾವ, ದನಿ ಗೊತ್ತಾಗ್ಬಾರ್ದು ಅಂತ ಪೆನ್ಸಿಲ್ ಕಚ್ಕೊಂಡು ಫೋನಲ್ಲಿ ಮಾತಾಡಿದ್ದು ನಾನೇ," ಎಂದಳು. "ಇನ್ನೊಂದು ನಿಮಿಷ ಆಗಿದ್ರೆ ನಕ್ಕುಬಿಡ್ತಿದ್ದೆ."

ಬೆಳಿಗ್ಗೆ ನೀವೇ ಸವಾಲು ಹಾಕಿದಿರಲ್ಲ, ಅದಕ್ಕೇ ಚಿಕ್ಕದೊಂದು ಆಟ ಕಟ್ಟಿದೆವು, ಅದೊಂದೇ ನಾವು ಮಾಡಿದ್ದು ಎಂದಳು ಹೆಂಡತಿ. ಕಾಗದಗಳನ್ನು ಅಂಚೆಗೆ ಹಾಕಲು ಅವಳಿಗೆ ಮನಸ್ಸು ಬಂದಿರಲಿಲ್ಲವಂತೆ. ಕಾದಂಬರಿ ಬರೆದವರಿಗೂ ಹೆಂಡತಿ ಮಕ್ಕಳಿರುತ್ತಾರೆ, ಪಾಪ, ಓದಿ ನೊಂದುಕೊಂಡಾರು ಎಂದು ತೆಗೆದಿಟ್ಟಿದ್ದಳಂತೆ.

ಪತ್ತೇದಾರರು ಏನೋ ಹೇಳಲು ಹೊರಟರು. ನಾಲಿಗೆ ಒದ್ದೆ ಕಂಬಳಿಯಂತೆ ಬಿದ್ದಿತ್ತು. ಕಡೆಗೆ ಜೇಬಿನಿಂದ ರಾಜೀನಾಮೆಯ ಪ್ರತಿಯನ್ನು ತೆಗೆದು, ಬಿಡಿಸಿ, ಮೇಜಿನ ಮೇಲೆ ಇಟ್ಟರು.

ಅಕ್ಕತಂಗಿಯರು ತಲೆಗೆ ತಲೆ ಕೊಟ್ಟು ಓದಿದರು. ಓದಿ ಮುಗಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಬ್ಬಾ, ನಮಗೇ ತಿರುಗಿಸಿ ಆಟ ಕಟ್ಟೋಕೆ ಬಂದ್ರಾ?" ಎಂದಳು ಹೆಂಡತಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತ. "ಚೆನ್ನಾಗಿದೆ ರೀ. ಆದ್ರೆ ಒಂದೇ ಕಾಗದಕ್ಕೆ ಎರಡೆರಡು ಸೀಲು ಯಾರು ಒತ್ತುತ್ತಾರೆ? ಅಲ್ಲೇ ಸಿಕ್ಕಿಬಿದ್ರಿ ನೋಡಿ."