ಗ್ರೀಸಿನಲ್ಲಿ ಅತ್ತೆಯ ರವಿವಾರ

ಹೆಮ್ಮೆ ಒಳ್ಳೆಯದಲ್ಲ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಅದನ್ನು ಪಾಲಿಸಬೇಕೆಂದು ಯಾವ ಇಲಾಖೆಯೂ ಆದೇಶ ಹೊರಡಿಸಿಲ್ಲ. ಬೆಳಗಾವಿಯ ಟಿಳಕವಾಡಿಯ ನಮ್ಮ ಓಣಿಯಲ್ಲಿ ಕಾಶಿ ನೋಡಿದವರಿದ್ದಾರೆ, ದುಬೈ ನೋಡಿದವರಿದ್ದಾರೆ. ಗ್ರೀಸ್ ನೋಡಿದವರು ನಾವು ಮಾತ್ರ. ಹೀಗಾಗಿ ಕಾಯಿಪಲ್ಲೆ ಗಾಡಿಯ ಮುಂದೆ ನಿಂತಾಗಲೂ ಯಾರಾದರೂ ಕೇಳುತ್ತಾರೆ, ಮೊದಲ ಸಲ ಹೋದರೆ ಅಲ್ಲಿ ಏನೇನು ನೋಡಬೇಕು ಅಂತ. ನಾನು ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಶುರುಮಾಡುತ್ತೇನೆ. ಆಕ್ರೊಪೊಲಿಸ್ ಗುಡ್ಡ, ಅದರ ಕೆಳಗಿನ ವಸ್ತುಸಂಗ್ರಹಾಲಯ, ಆಮೇಲೆ ಡೆಲ್ಫಿ. ಗಾಡಿಯವನು ಪಾಪ, ತಕ್ಕಡಿ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಆದರೆ ಖರೇ ಹೇಳಬೇಕೆಂದರೆ, ಅಲ್ಲಿ ನೋಡಲೇಬೇಕಾದ ಜಾಗದ ಹೆಸರು ನನಗೇ ಗೊತ್ತಿಲ್ಲ. ಅದನ್ನು ತೋರಿಸಿದವರು ನನ್ನ ಅತ್ತೆ.

ಅತ್ತೆ ಖಾನಾಪುರದ ಬಾಜೂಕಿನ ಹಳ್ಳಿಯವರು. ಹುಟ್ಟಿದ್ದು, ಬೆಳೆದಿದ್ದು ಕುರಿ ಹಿಂಡಿನ ಹಿಂದೆ. ಮಗ ನೌಕರಿ ಹಿಡಿದು ಬೆಳಗಾವಿ ಸೇರಿದರೂ ಅವರು ಹಳ್ಳಿ ಬಿಡಲಿಲ್ಲ. ಮನೆದೇವರು ಬೀರಪ್ಪ, ಕುರಿ ಕಾಯುವವರ ದೇವರು. ರವಿವಾರ ಅವನ ವಾರ. ಅಂದು ಗುಡಿಗೆ ಹೋಗಿ ಭಂಡಾರ, ಅಂದರೆ ದೇವರಿಗೆ ಏರಿಸುವ ಅರಿಸಿನ ಪುಡಿ, ಹಚ್ಚುವ ತನಕ ಅವರು ಚಹಾ ಕೂಡ ಮುಟ್ಟುವವರಲ್ಲ. ದಸರಾ ರಜೆಯಲ್ಲಿ ಗ್ರೀಸಿಗೆ ಹೋಗುವುದು ನಿಶ್ಚಯವಾದಾಗ ಅವರನ್ನೂ ಒಪ್ಪಿಸಲು ನಾನು ಒಂದು ಮಾತು ಆಡಿಬಿಟ್ಟೆ: 'ಹೆಜ್ಜಿಗೊಂದು ಗುಡಿ ಅದಾವ ಅತ್ಯಾರ ಅಲ್ಲಿ.' ಇತಿಹಾಸದ ಪ್ರಕಾರ ಇದರಲ್ಲಿ ಸುಳ್ಳೇನೂ ಇರಲಿಲ್ಲ. ಬೀರಪ್ಪನದೊಂದು ಫೋಟೋ ಇಟ್ಟುಕೊಳ್ಳೋಣವೆಂದರೆ ಅವರು ಒಪ್ಪಲಿಲ್ಲ. ಅಷ್ಟೊಂದು ಗುಡಿ ಇರುವ ದೇಶಕ್ಕೆ ದೇವರನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುವುದು ಅಲ್ಲಿಯ ದೇವರಿಗೆ ಅವಮಾನ ಅಂದರು. ಬೆಳಗಾವಿಯ ರವಿವಾರ ಪೇಟೆ ಎಂಬ ಬಜಾರಿಗೆ ಹೋಗಿ ಭಂಡಾರ ಮಾತ್ರ ದೊಡ್ಡ ಪೊಟ್ಟಣ ಕಟ್ಟಿಸಿದರು. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಹೆಣ್ಣುಮಗಳು ಆ ಪೊಟ್ಟಣ ಬಿಚ್ಚಿಯೇಬಿಟ್ಟಳು. ಆಕೆ ಮೂಸಿ ನೋಡಿ, ಚಿಟಿಕೆ ಹಣೆಗೆ ಹಚ್ಚಿಕೊಂಡು, ಮೊದಲಿನಂತೆ ಕಟ್ಟಿ ಕೊಟ್ಟಳು.

ಅಥೆನ್ಸಿನಲ್ಲಿ ಇಳಿದ ಮರುದಿನವೇ ರವಿವಾರ. ಬೆಳಿಗ್ಗೆ ಹೋಟೆಲಿನವರು ಮೇಜಿನ ತುಂಬ ಹರವಿದ್ದ ತಿಂಡಿಯ ಕಡೆಗೆ ಅತ್ತೆ ಬೆನ್ನು ಹಾಕಿ ಕುಳಿತರು. ಅತ್ತೆ ಉಪವಾಸ ಇರುವಾಗ ಸೊಸೆ ತಿನ್ನುವುದು ಚೆಂದವಲ್ಲ ಎಂದು ನಾನೂ ಕುಳಿತೆ. ನಮ್ಮ ಯಜಮಾನರು ಮುಖ ಸಣ್ಣದು ಮಾಡಿಕೊಂಡು ನಮ್ಮ ಬಾಜೂಕ ಕುಳಿತರು. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಊರಲ್ಲಾದರೆ ಸೂರ್ಯ ಏರುವುದರೊಳಗೆ ಗುಡಿ, ಭಂಡಾರ, ಊಟ, ಗುಳಿಗೆ ಎಲ್ಲ ಮುಗಿದಿರುತ್ತದೆ. ಇಲ್ಲಿ ಹೆಚ್ಚು ಹೊತ್ತು ಮಾಡಿದರೆ ತಲೆಸುತ್ತು ಬಂದು ಬಿದ್ದಾರು ಎಂಬ ಹೆದರಿಕೆ ನನಗೆ. ಇರಲಿ, ಗುಡ್ಡ ಹತ್ತಿದರೆ ಗುಡಿ, ಗುಡಿ ಕಂಡರೆ ಊಟ ಎಂದುಕೊಂಡು ಹೊರಟೆ.

ಆಕ್ರೊಪೊಲಿಸ್ ಗುಡ್ಡದ ಬುಡದಲ್ಲೇ ಅತ್ತೆ ಚಪ್ಪಲಿ ಬಿಟ್ಟು ಮಗನ ಚೀಲಕ್ಕೆ ಹಾಕಿದರು. ಅಲ್ಲಿಯ ಕಲ್ಲು ಜನ ತುಳಿದು ತುಳಿದು ಎಣ್ಣೆ ಸವರಿದಂತೆ ನುಣುಪಾಗಿದೆ. ದುಬಾರಿ ಬೂಟು ಹಾಕಿಕೊಂಡ ಬಿಳಿ ಜನರೆಲ್ಲ ಜಾರುತ್ತ, ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತ ಏರುತ್ತಿದ್ದರೆ, ಕಚ್ಚೆ ಸೀರೆಯ ನಮ್ಮ ಅತ್ತೆ ಬರಿಗಾಲಲ್ಲಿ ಸರಸರ ಹತ್ತಿ ಮೇಲೆ ನಿಂತು ನಮಗಾಗಿ ಕಾಯುತ್ತಿದ್ದರು. ನನ್ನ ಎದೆ ಉಬ್ಬಿತು. ಇಪ್ಪತ್ತೆರಡು ವರ್ಷ ಇತಿಹಾಸದ ಪಾಠದಲ್ಲಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕಂಬಗಳು ಬಿಸಿಲಿನಲ್ಲಿ ನಿಜವಾಗಿ ನಿಂತಿದ್ದವು. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಕಂಬಗಳ ನಡುವೆ ಇಣುಕಿ ನೋಡಿ, ದೇವರು ಎಲ್ಲಿ ಅಂದರು. ದೇವತೆಯ ಭಾರೀ ಮೂರ್ತಿ ಇತ್ತು, ಬಂಗಾರ ಮತ್ತು ದಂತದ್ದು, ಎಂದೋ ಕಳೆದುಹೋಯಿತು ಎಂದು ನಾನು ವಿವರಿಸಿದೆ.

'ಕಳಕೊಂಡವರು ಹುಡಕಲಿಲ್ಲೇನು?' ಅತ್ತೆ ಕೇಳಿದರು.

ಬಿ.ಎಡ್. ತರಬೇತಿಯಲ್ಲಿ ಕಲಿಸಿದಂತೆ, ಒಳ್ಳೆಯ ಪ್ರಶ್ನೆ ಎಂದು ಹೊಗಳಿ ನಾನು ಮುಂದಿನ ಕಂಬಕ್ಕೆ ಹೋದೆ. ನಮ್ಮ ಖಾನಾಪುರದ ಹಲಸಿಯ ಗುಡಿಯೂ ರಾಜರ ಕಾಲದ್ದೇ, ಆದರೆ ಅಲ್ಲಿ ದೇವರು ಇನ್ನೂ ಮನೆಯಲ್ಲಿದ್ದಾನೆ, ಹೋದವರಿಗೆ ಭೆಟ್ಟಿಯಾಗುತ್ತಾನೆ ಎಂದು ಅವರು ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ಗ್ರೀಸಿನವರ ಬಗ್ಗೆ ಸ್ವಲ್ಪ ಕನಿಕರವೂ ಇತ್ತು.

ಕೆಳಗಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ ದೇವರಿಗೇನು ಬರವೇ? ಸಾಲುಸಾಲಾಗಿ ನಿಂತಿದ್ದಾರೆ. ಆದರೆ ಮೊದಲು ಅತ್ತೆಯ ಕಣ್ಣಿಗೆ ಬಿದ್ದವರ ಮೈಮೇಲೆ ಬಟ್ಟೆ ಇರಲಿಲ್ಲ. ಮಗನನ್ನು ತಕ್ಷಣ ಹೊರಗೆ ಕಳಿಸಿದರು. ಅವರು ಇಷ್ಟು ಸಂತೋಷದಿಂದ ತಾಯಿಯ ಮಾತು ಕೇಳಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆಮೇಲೆ ನೋಡಿದರೆ ಒಂದು ಕಂಬದ ಹಿಂದೆ ನಿಂತು ಪಾಲಕದ ಪಫ್ ತಿಂದು ಮೀಸೆ ಒರೆಸಿಕೊಳ್ಳುತ್ತಿದ್ದರು. ಅತ್ತೆ ಒಳಗೆ ಒಂದೊಂದೇ ಮೂರ್ತಿಯ ಮುಂದೆ ನಿಂತು ನೋಡಿದರು. ಒಬ್ಬನಿಗೆ ಮೂಗಿಲ್ಲ, ಒಬ್ಬಳಿಗೆ ತಲೆಯೇ ಇಲ್ಲ. ಭಿನ್ನವಾದ ಮೂರ್ತಿಗೆ ಭಂಡಾರ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. 'ಒಬ್ಬರಿಗೂ ಕೈ ಇಲ್ಲಲ್ಲವಾ, ಬೇಡಿದ್ರ ಯಾ ಕೈಲೆ ಕೊಡಬೇಕು ಪಾಪ?' ಅಂದರು. ಹಾದಿಯಲ್ಲಿ ಒಂದು ಚರ್ಚು ಕಂಡಿತು, ಅಲ್ಲಿ ಎಲ್ಲವೂ ಅಖಂಡವಾಗಿತ್ತು. ಅತ್ತೆ ಒಳಗೆ ಹೋಗಿ ಭಕ್ತಿಯಿಂದ ಕೈಮುಗಿದರು, ಆದರೆ ಪೊಟ್ಟಣ ಬಿಚ್ಚಲಿಲ್ಲ. ಬೇರೆಯವರ ಮನೆದೇವರಿಗೆ ಅವರ ರೀತಿ ಇರುತ್ತದೆ, ಕೇಳದೆ ನಮ್ಮದನ್ನು ಹಚ್ಚಬಾರದು ಎಂಬುದು ಅವರ ನ್ಯಾಯ. ಆ ನ್ಯಾಯಕ್ಕೆ ನಾನು ತಲೆಬಾಗಿದೆ. ಹಸಿವಿನಿಂದ ತಲೆ ಹೇಗೂ ಬಾಗಿತ್ತು.

ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಡೆಲ್ಫಿಗೆ ಹೊರಟೆವು. ನನ್ನ ಮಟ್ಟಿಗೆ ಇಡೀ ಪ್ರವಾಸವೆಂದರೆ ಡೆಲ್ಫಿ. ದೇವರು ಭವಿಷ್ಯ ನುಡಿಯುತ್ತಿದ್ದ ಜಾಗ ಎಂದು ಪಾಠ ಮಾಡುವಾಗ ನನ್ನ ದನಿಯೇ ಬೇರೆಯಾಗುತ್ತದೆ. ಮರುದಿನ ಬೆಳಿಗ್ಗೆ ದ್ವೀಪಕ್ಕೆ ಹೋಗುವ ಹಡಗಿತ್ತು, ಆದ್ದರಿಂದ ಅಂದು ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಕಾರಿನಲ್ಲಿ ಅತ್ತೆ ಕಣ್ಣು ಮುಚ್ಚಿ ಒರಗಿದ್ದರು, ಹಣೆಯ ಮೇಲೆ ಬೆವರು ಮೂಡಿತ್ತು. ನನಗೆ ಡೆಲ್ಫಿಯೂ ಬೇಡ, ಏನೂ ಬೇಡ ಎನ್ನಿಸಿತು. ಒಂದು ತುತ್ತು ತಿನ್ನಿರಿ ಎಂದು ಅಂಗಲಾಚಿದೆ. ಅವರು ತಲೆಯಾಡಿಸಿದರು.

ಗುಡ್ಡದ ತಿರುವಿನಲ್ಲಿ ಡ್ರೈವರು ಗಾಡಿ ನಿಲ್ಲಿಸಿದ. ರಸ್ತೆಯ ತುಂಬ ಕುರಿಗಳು. ಗಂಟೆಗಳ ಸದ್ದು ಕಿವಿಗೆ ಬಿದ್ದದ್ದೇ ತಡ, ಅತ್ತೆ ಕಣ್ಣು ತೆರೆದರು. ನಾನು ಹಿಡಿಯುವುದರೊಳಗೆ ಬಾಗಿಲು ತೆಗೆದು ಇಳಿದು, ಹಿಂಡಿನ ನಡುವೆ ನಡೆದೇಬಿಟ್ಟರು. ಮುಂದಿದ್ದ ದೊಡ್ಡ ಟಗರಿನ ಹಣೆಗೆ ಭಂಡಾರ ಹಚ್ಚಿದರು. ಹಿಂದೆ ಕೋಲು ಹಿಡಿದು ಬರುತ್ತಿದ್ದ ಮುದುಕ ಕುರುಬ ಬೆಕ್ಕಸಬೆರಗಾಗಿ ನಿಂತ. ಜಗಳವಾಗುತ್ತದೆ ಎಂದು ನಾನು ಓಡಿದೆ. ಅಷ್ಟರಲ್ಲಿ ಅತ್ತೆ ಅವನ ಕೋಲಿಗೂ ಹಚ್ಚಿ, ಮರಾಠಿಯಲ್ಲಿ ಕುರಿ ಎಷ್ಟಿವೆ ಎಂದು ವಿಚಾರಿಸುತ್ತಿದ್ದರು. ಕನ್ನಡ ಬಾರದವರಿಗೆಲ್ಲ ಮರಾಠಿ ಬರುತ್ತದೆ ಎಂಬುದು ಖಾನಾಪುರದವರ ಅನುಭವ. ಮುದುಕ ಗ್ರೀಕಿನಲ್ಲಿ ಏನೋ ಹೇಳಿದ, ಟೋಪಿ ತೆಗೆದ, ಬಗ್ಗಿ ಹಣೆ ಒಡ್ಡಿದ. ಅತ್ತೆ ಅಂಗೈ ತುಂಬ ತೆಗೆದು ಬಳಿದರು.

ಆಮೇಲೆ ಅವನು ನಮ್ಮನ್ನು ಬಿಡಲಿಲ್ಲ. ಪಕ್ಕದ ದೊಡ್ಡಿಗೆ ಕರೆದೊಯ್ದು ರೊಟ್ಟಿ, ಕುರಿ ಹಾಲಿನ ಗಟ್ಟಿ ಮೊಸರು ತಂದಿಟ್ಟ. ಅತ್ತೆ ಚಕ್ಕಂಬಕ್ಕಲು ಹಾಕಿ ಕುಳಿತು, ಗುಳಿಗೆ ನುಂಗಿ ನಿಧಾನವಾಗಿ ಉಂಡರು. ಮುಖಕ್ಕೆ ಕಳೆ ಬಂತು. ನನ್ನ ಕಡೆ ತಿರುಗಿ ಅಂದರು:

'ಗುಡಿ ಯಾಕ ಖಾಲಿ ಇದ್ದೂ ಅಂತ ಈಗ ತಿಳೀತ ನೋಡವಾ. ಅಂವ ಕುರಿ ಕಾಯಾಕ ಬಂದಾನ.'

ಇಷ್ಟು ವರ್ಷ ಗ್ರೀಸಿನ ಬಗ್ಗೆ ಎಷ್ಟೋ ಓದಿದ್ದೇನೆ, ಇಷ್ಟು ನೆಮ್ಮದಿಯ ಮಾತನ್ನು ಎಲ್ಲೂ ಓದಿಲ್ಲ. ಇವರು ನನ್ನ ಅತ್ತೆ ಎಂದು ಕೂಗಿ ಹೇಳಬೇಕೆನಿಸಿತು. ಕೇಳುವವರು ಕುರಿಗಳು ಮಾತ್ರ ಇದ್ದುದರಿಂದ ಇನ್ನೊಂದು ಬಟ್ಟಲು ಮೊಸರು ಹಾಕಿಸಿಕೊಂಡೆ. ಅತ್ತೆ ಮತ್ತು ಮುದುಕ ಹೊತ್ತು ಇಳಿಯುವ ತನಕ ಮಾತಾಡಿದರು. ಮರಾಠಿಗೂ ಗ್ರೀಕಿಗೂ ಎಲ್ಲಿಯೂ ತಕರಾರು ಬರಲಿಲ್ಲ. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಹೊರಡುವಾಗ ಅತ್ತೆ ನನ್ನ ಹಣೆಗೂ ಭಂಡಾರ ಬಳಿದರು. ಡೆಲ್ಫಿ ಮುಟ್ಟುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು.

ಈಗ ಹತ್ತನೆಯ ತರಗತಿಯ ಮಕ್ಕಳಿಗೆ ನಾನೇ ಹೋಗಿ ನೋಡಿದ ಡೆಲ್ಫಿಯ ಫೋಟೋ ತೋರಿಸುತ್ತೇನೆ. ಬೀಗ ಹಾಕಿದ ಗೇಟು, ಅದರ ಮುಂದೆ ಹಣೆಯೆಲ್ಲ ಹಳದಿ ಮಾಡಿಕೊಂಡು ಹಲ್ಲು ಕಿರಿದು ನಿಂತ ನಾನು. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಟೀಚರ್, ಆ ಗೇಟಿನ ಒಳಗ ಏನ ಐತ್ರೀ?' ಎಂದು ಕೇಳಿದಳು. ಅಷ್ಟು ಖರ್ಚು ಮಾಡಿ, ಅಷ್ಟು ದೂರ ಹೋಗಿ ಬಂದ ನಾನು ಗಂಭೀರವಾಗಿ ಹೇಳಿದೆ: 'ಪುಸ್ತಕದಾಗ ಐತಿ, ಓದ್ಕೋ.'