ಬ್ರಹ್ಮಚಾರಿ ಮನೆಯ ಕಡಜ

ಹಿತ್ತಲ ಬಾಳೆಬುಡದ ಹಸಿಮಣ್ಣನ್ನು ಉಂಡೆ ಉಂಡೆಯಾಗಿ ಹೊತ್ತು ತಂದು ಕಡಜವೊಂದು ರಾಜಶೇಖರನ ಮುಂಬಾಗಿಲ ಮೇಲೆ ಗೂಡು ಕಟ್ಟಿತ್ತು. ಭೀಮನಬೀಡಿನಲ್ಲಿ ಅಷ್ಟು ಮನೆಗಳಿದ್ದರೂ ಆ ಹಾಳು ಹುಳಕ್ಕೆ ಈ ಬ್ರಹ್ಮಚಾರಿಯ ಮನೆಯೇ ಬೇಕಾಗಿತ್ತು. ಮಧ್ಯಾಹ್ನ ಎರಡಕ್ಕೆ ಕುದೇರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ರಾಜಶೇಖರನಿಗೆ ನಲವತ್ತೊಂದು, ಇದೂ ತಪ್ಪಿದರೆ ಇನ್ನು ಹೆಣ್ಣು ಕೇಳಲು ಮುಖವೇ ಉಳಿಯುತ್ತಿರಲಿಲ್ಲ. ಅವನು ಸ್ಟೂಲ್ ಹತ್ತಿ ಕರಣೆ ಎತ್ತಿದ.

"ಲೇ, ಲೇ, ನಿಲ್ಸ್ಲಾ!" ಬೇಲಿಯಾಚೆಯಿಂದ, ಈ ಸಂಬಂಧ ಹುಡುಕಿಕೊಟ್ಟ ಪಕ್ಕದ ಮನೆಯ ಚಿಕ್ಕಮಲ್ಲಮ್ಮ ಕೂಗಿದರು. "ಬಸುರಿ ಹೊಟ್ಟೆಗೆ ಒದ್ದಂಗೆ ಕಣ ಅದು! ಕಡಜ ಗೂಡು ಕಟ್ತು ಅಂದ್ರೆ ಆ ಮನೇಲಿ ಕೂಸು ಉಟ್ತದೆ."

"ಈ ಮನೇಲಿರೋನು ನಾನೊಬ್ನೆ ದೊಡ್ಡವ್ವ. ನಾನೇ ಹೆರ್ಬೇಕಾ?"

"ಯಾರಾದ್ರೂ ಹೆರ್ಲಿ, ಗೂಡು ಮಾತ್ರ ಮುಟ್ಬ್ಯಾಡ!"

ಚಿಕ್ಕಮಲ್ಲಮ್ಮನ ಬಾಯಿಗೆ ಬಿದ್ದ ಸುದ್ದಿ ಒಲೆಯ ಮೇಲಿಟ್ಟ ಹಾಲಿದ್ದಂತೆ, ಉಕ್ಕದೆ ಇರದು. ಒಂಬತ್ತಕ್ಕೆ ನಲ್ಲಿಯ ಹತ್ತಿರದ ಹೆಂಗಸರು ಗೂಡು ನೋಡಲು ಬಂದರು. ಹತ್ತಕ್ಕೆ ಡೈರಿಯಲ್ಲಿ "ಅಂವ ಒಂಟಿ ಅಲ್ವ? ಕೂಸು ಯಾರ್ಗಂತೆ?" ಎಂಬ ವಿಚಾರಣೆ ಶುರುವಾಯಿತು. ಹನ್ನೊಂದಕ್ಕೆ ಯಾರೋ ಪುಣ್ಯಾತ್ಗಿತ್ತಿ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ ಹೋದಳು. ರಾಜಶೇಖರನಿಗೆ ಜೀವ ಬಾಯಿಗೆ ಬಂತು. ಒಂಟಿ ಗಂಡಸಿನ ಮನೆಗೆ ಕೂಸು ಬರುತ್ತದಂತೆ ಎಂದು ಕುದೇರಿನವರ ಕಿವಿಗೆ ಬಿದ್ದರೆ ಯಾರು ಹೆಣ್ಣು ಕೊಡುತ್ತಾರೆ?

ಊರೆಲ್ಲ ಊಟಕ್ಕೆ ಕೂತ ಹೊತ್ತು ನೋಡಿ ಅವನು ಗೂಡನ್ನು ಕೆರೆದು ಹಾಕಿ, ಗೋಡೆ ತೊಳೆದ. ಮಣ್ಣು ಹೊತ್ತು ಬಂದ ಕಡಜ ಮನೆ ಕಾಣದೆ ಅವನ ಮೇಲ್ತುಟಿಗೇ ಕುಟುಕಿತು. ಎರಡು ಗಂಟೆಯ ಹೊತ್ತಿಗೆ ತುಟಿ ಬೋಂಡದಷ್ಟಾಗಿತ್ತು. ಆದರೂ ಬಾಗಿಲು ಚೊಕ್ಕಟವಾಯಿತಲ್ಲ ಎಂದು ಅವನಿಗೆ ಬಹಳ ಸಮಾಧಾನ.

ಕುದೇರಿನವರು ಬಂದರು. ಹುಡುಗಿಯ ಅಜ್ಜಿ ಬಸವಮ್ಮ ಹಾಲ್ ನೋಡಲಿಲ್ಲ, ಬೋರ್‌ವೆಲ್ ವಿಚಾರಿಸಲಿಲ್ಲ. ಹೊಸ್ತಿಲಲ್ಲೇ ನಿಂತು ಕತ್ತೆತ್ತಿ ಗೋಡೆಯನ್ನೆಲ್ಲ ಹುಡುಕಿದರು.

"ಎಲ್ಲಪ್ಪ ಗೂಡು?"

"ಯಾವ ಗೂಡಜ್ಜಿ?"

"ಕಡಜದ್ದು ಕಣಪ್ಪ. ನೆನ್ನೆ ಜಾತ್ಕ ನೋಡ್ಸುದ್ರೆ ನಿಂಗೆ ಮಕ್ಳ ಯೋಗ ಇಲ್ಲ ಅಂದ್ಬುಟ್ರು. ಓಗೋದೇ ಬ್ಯಾಡ ಅಂತ ಕೂತಿದ್ದೆ. ಬೆಳಿಗ್ಗೆ ಚಿಕ್ಕಮಲ್ಲಮ್ಮ ಫೋನ್ ಮಾಡಿ, ಕಡಜ ಗೂಡು ಕಟ್ತು, ಬನ್ನಿ ಅಂದ್ಳು. ಅದ್ಕೇ ಬಂದೆ."

ರಾಜಶೇಖರ ಏನೇನೋ ಹೇಳಿದ. ಊದಿದ ತುಟಿಯಿಂದ "ಕೆಡವ್ಬುಟ್ಟೆ" ಎನ್ನುವುದೊಂದೇ ಸರಿಯಾಗಿ ಹೊರಬಂತು.

ಅಷ್ಟರಲ್ಲಿ ಬಸವಮ್ಮನ ಮೂಗಿನ ಮುಂದೆಯೇ ಕಡಜ ಹೊಸ ಮಣ್ಣಿನುಂಡೆ ಕಚ್ಚಿಕೊಂಡು ಹಾರಿ ಬೇಲಿ ದಾಟಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅದರ ಹಿಂದೆ ನಡೆದರು. ಅಜ್ಜಿಯ ಹಿಂದೆ ಕುದೇರಿನ ಹನ್ನೊಂದು ಜನವೂ ನಡೆದರು. ಕಡಜ ಚಿಕ್ಕಮಲ್ಲಮ್ಮನ ಬಾಗಿಲ ಮೇಲೆ ಕೂತು ಮಣ್ಣು ಮೆತ್ತತೊಡಗಿತು. ಅದರ ಕೆಳಗೆ ಜಗಲಿಯಲ್ಲಿ ಅವರ ಮಗ ಮೃತ್ಯುಂಜಯ ಬನಿಯನ್ನಿನಲ್ಲಿ ಗೊರಕೆ ಹೊಡೆಯುತ್ತಿದ್ದ.

"ಈ ಕೂಸ್ಗೆ ಮದ್ವೆ ಆಯ್ತಾ?" ಎಂದು ಬಸವಮ್ಮ ಕೇಳಿದ್ದು ಬೇಲಿಯ ಈಚೆಗೂ ಕೇಳಿಸಿತು.

ಹತ್ತೇ ನಿಮಿಷಕ್ಕೆ ಚಿಕ್ಕಮಲ್ಲಮ್ಮ ಬೇಲಿಗೆ ಬಂದರು. ಮುಖದಲ್ಲಿ ಸಂಕಟವಿತ್ತು, ಸಂತೋಷ ಅದಕ್ಕಿಂತ ತುಸು ಹೆಚ್ಚೇ ಇತ್ತು.

"ಬೇಜಾರ್ ಮಾಡ್ಕಬ್ಯಾಡ ಕಣ ರಾಜ. ನೆಂಟ್ರು ದಿಢೀರ್ ಅಂತ ಬಂದ್ಬುಟ್ರು, ನಮ್ಮನೇಲಿ ಏನೂ ಮಾಡಿಲ್ಲ. ನೀ ಮಾಡಿಟ್ಟಿರೋ ಕೇಸರಿಬಾತ್‌ನ ಪಾತ್ರೆ ಸಮೇತ ಈ ಕಡೆ ಕೊಟ್ಬುಡ್ಲಾ."