ಸೊಪ್ಪಿನ ಸಾರಿನಲ್ಲಿ ಕೋಟೆ ಕಳ್ಳ

"ಈ ಭಾನುವಾರ ಹೆಡ್‌ಮಾಸ್ಟರನ್ನ ಊಟಕ್ಕೆ ಕರೆದು, ಅವರು ಕೈ ತೊಳೆಯೋದರೊಳಗೆ ಅವರ ಬಾಯಿಂದಲೇ 'ಆಗಲಿ' ಅನ್ನಿಸದಿದ್ರೆ ನನ್ನ ಹೆಸರು ಗೌರೀಶನೇ ಅಲ್ಲ!" ಎಂದು ನಾನು ಹೆಂಡತಿ ಲೋಹಿತಾಳ ಮುಂದೆ ಘೋಷಿಸಿದೆ.

"ಹೆಸರು ಯಾಕ್ರೀ ಪಣಕ್ಕಿಡ್ತೀರಾ? ಆಮೇಲೆ ಆಧಾರ್ ಕಾರ್ಡಲ್ಲಿ ತಿದ್ದಿಸೋಕೆ ಕ್ಯೂ ನಿಲ್ಲೋರ್ಯಾರು?" ಎಂದಳು ಅವಳು, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

ವಿಷಯ ಇಷ್ಟು. ನಾನು ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮೇಜಿನ ಸುತ್ತ ಕೂತು ಆಡುವ ಪಾತ್ರದಾಟದ ಹುಚ್ಚು ನನಗೆ ಹಿಡಿದಿತ್ತು. ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ. ಸೂತ್ರಧಾರನೊಬ್ಬ "ಎದುರಿಗೆ ಕರಡಿ ನಿಂತಿದೆ, ಏನು ಮಾಡ್ತೀಯ?" ಎನ್ನುತ್ತಾನೆ. ಆ ಪಾತ್ರ ಏನು ಮಾಡೀತೋ ಅದನ್ನು ಆಟಗಾರ ಹೇಳಬೇಕು. ಕತೆ ಹಾಗೇ ಬೆಳೆಯುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲವೆಂದು ಶಾಲೆಯಲ್ಲಿ ಕ್ಲಬ್ ತೆರೆಯಲು ಅನುಮತಿ ಕೇಳಿದ್ದೆ. ಹೆಡ್‌ಮಾಸ್ಟರ್ ಮಹಾಲಿಂಗಯ್ಯನವರು ಪಾತ್ರ ಆರಿಸಲೆಂದು ನಾನು ಅಂಗೈಯಲ್ಲಿ ಹಿಡಿದಿದ್ದ ದಾಳ ನೋಡಿದರು. "ಜೂಜು!" ಎಂದರು. ಮುಗಿಯಿತು!

ಸರಿ, ದಾಳ ಬೇಡ. ಪಾತ್ರಗಳನ್ನು ತಾನೇ ಹುಟ್ಟಿಸಿಕೊಡುವ ಆ್ಯಪ್ ನನ್ನ ಮೊಬೈಲಿನಲ್ಲಿತ್ತು. ಗುಂಡಿ ಒತ್ತಿದರೆ ಸಾಕು, ಬ್ರಹ್ಮನಿಗೇ ರಜೆ! ಪಕ್ಕದ ಮನೆಯ ಹಾಲೇಶನನ್ನು ಕೂರಿಸಿ ಪ್ರಯೋಗ ಮಾಡಿದೆ. ಅವನಿಗೆ ಬಂದದ್ದು 'ಹಿಮಪರ್ವತದ ಕುಬ್ಜ, ಕೊಡಲಿವೀರ.'

"ಹಿಮಾನ ನಾನು ಫ್ರಿಜ್ಜಲ್ಲಿ ಬುಟ್ರೆ ಬೇರೆಲ್ಲೂ ನೋಡಿಲ್ಲ ಕಣ್ಲಾ. ಅದ್ರ ಮೇಲೆ ಹೆಂಗ್ ನಡೀಬೇಕು ಅಂತಾನೇ ಗೊತ್ತಿಲ್ಲ, ಇನ್ನು ವೀರ ಹೆಂಗಾಗ್ಲಿ?" ಎಂದು ಎದ್ದುಹೋದ.

ಆಗ ಲೋಹಿತಾ ಒಗ್ಗರಣೆ ಡಬ್ಬಿಯಿಂದ ಮೂರು ಪುಟ್ಟ ಸ್ಟೀಲ್ ಬಟ್ಟಲು ತೆಗೆದಳು. ಕಾಗದದ ಚೂರುಗಳ ಮೇಲೆ ಬರೆದು ಹಾಕಿದಳು: ಒಂದರಲ್ಲಿ ಕಸುಬಿನ ಚೀಟಿ, ಇನ್ನೊಂದರಲ್ಲಿ ಸ್ವಭಾವದ ಚೀಟಿ, ಮೂರನೆಯದರಲ್ಲಿ ಆಸೆಯ ಚೀಟಿ. ಕಣ್ಣು ಮುಚ್ಚಿ ಒಂದೊಂದು ಎತ್ತಿದರೆ ಒಬ್ಬ ಮನುಷ್ಯ ಸಿದ್ಧ! ಹಾಲೇಶನನ್ನು ಮತ್ತೆ ಎಳೆದು ತಂದೆವು. ಅವನಿಗೆ ಬಂತು: ತಿರುಮಣಿಯ ಸೋಲಾರ್ ಪಾರ್ಕಿನ ಕಾವಲುಗಾರ; ಬಿಸಿಲು ಕಂಡರಾಗದು; ಮಳೆಯ ಮೇಲೆ ಹಾಡು ಕಟ್ಟುವ ಆಸೆ. ಹಾಲೇಶ ಚೀಟಿಗಳನ್ನು ಎರಡು ಸಲ ಓದಿದ. ಆಮೇಲೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಆ ಕಾವಲುಗಾರನೇ ಆಗಿಬಿಟ್ಟ. ಬುಕ್ಕಾಪಟ್ಟಣದ ಕಾಡಿನ ಜಿಂಕೆಯೊಂದು ಅವನ ಪ್ಯಾನೆಲ್ ನೆರಳಿಗೆ ಬಂದು ಮಲಗಿತಂತೆ, ಓಡಿಸಲು ಮನಸ್ಸಾಗಲಿಲ್ಲವಂತೆ! ಒಂದಕ್ಕೊಂದು ಸಂಬಂಧವಿಲ್ಲದ ಮೂರು ಚೀಟಿ ಸೇರಿದ ಕೂಡಲೇ ಒಬ್ಬ ಜೀವ ಎದ್ದು ನಿಲ್ಲುವುದನ್ನು ನೋಡಿ ನನಗೆ ರೋಮಾಂಚನವಾಯಿತು. ನಾನಾಗಿ ಕೂತು ಯೋಚಿಸಿದ್ದರೆ ಬರೀ ರಾಜ, ಮಂತ್ರಿ, ಸೇನಾಪತಿ ಹುಟ್ಟುತ್ತಿದ್ದರು.

ಈ ಸೃಷ್ಟಿಕಾರ್ಯಕ್ಕೆ ನನ್ನದೂ ಒಂದು ಕೊಡುಗೆ ಬೇಡವೆ? ಶಾಲೆಯಲ್ಲಿ ವನಮಹೋತ್ಸವಕ್ಕೆ ತಂದು ಮಿಕ್ಕಿದ್ದ ಹಸಿರು ಕಾಗದದ ಮೇಲೆ ಚೀಟಿಗಳನ್ನೆಲ್ಲ ಮತ್ತೆ ಬರೆದು, ಲ್ಯಾಮಿನೇಟ್ ಮಾಡಿಸಿ, ಸಣ್ಣಗೆ ಕತ್ತರಿಸಿ, ಅವೇ ಮೂರು ಬಟ್ಟಲಿಗೆ ತುಂಬಿಟ್ಟೆ. "ನೀರಿಗೆ ಬಿದ್ರೂ ಅಳಿಯಲ್ಲ, ಪ್ರಳಯ ಬಂದ್ರೂ ಅಲ್ಲಾಡಲ್ಲ!" ಎಂದು ಬೀಗಿದೆ.

ಭಾನುವಾರ ಬಂತು. "ಇವತ್ತು ಅಡುಗೆಯೂ ನನ್ನದೇ" ಎಂದೆ. ಲೋಹಿತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೊಪ್ಪಿನ ಸಾರು ಕುದೀತಿದೆ, ಮುದ್ದೆ ನಾನೇ ಕಟ್ಟಿಟ್ಟಿದೀನಿ. ನೀವು ಇಳಿಸಿದ್ರೆ ಸಾಕು" ಎಂದಳು. ಅಷ್ಟರಲ್ಲಿ ಮಹಾಲಿಂಗಯ್ಯನವರು ಹೆಂಡತಿ ರಾಜಲಕ್ಷ್ಮಮ್ಮನವರ ಜೊತೆ ಬೇಗನೆ ಬಂದುಬಿಟ್ಟರು. ಲೋಹಿತಾ ಬಾಗಿಲಿಗೆ ಓಡುತ್ತಾ, "ಕಟ್ಟೆ ಮೇಲೆ ಬಟ್ಟಲಲ್ಲಿ ಕೊತ್ತಂಬರಿ ಸೊಪ್ಪು ಹೆಚ್ಚಿಟ್ಟಿದೀನಿ, ಹಾಕ್ಬುಟ್ಟು ಇಳಿಸ್ರೀ!" ಎಂದು ಕೂಗಿದಳು.

ಮುಚ್ಚಳ ತೆಗೆದೆ. ಹಬೆ ಹೊಡೆದು ಕನ್ನಡಕ ಮಂಜಾಯಿತು. ಕಟ್ಟೆಯ ಮೇಲೆ ಹಸಿರು ತುಂಬಿದ ಬಟ್ಟಲು ಒಂದಲ್ಲ, ನಾಲ್ಕು! ಎಷ್ಟು ಧಾರಾಳಿ ನನ್ನ ಹೆಂಡತಿ ಎಂದು ಮೆಚ್ಚಿಕೊಂಡು ನಾಲ್ಕನ್ನೂ ಸುರಿದು, ಚೆನ್ನಾಗಿ ತಿರುವಿದೆ.

ಊಟಕ್ಕೆ ಕೂತರು. ಮಹಾಲಿಂಗಯ್ಯನವರು ಸುತ್ತೋಲೆ ಓದುವ ದನಿ ಬಿಟ್ಟು ಬೇರೆ ದನಿಯಲ್ಲಿ ಮಾತಾಡಿದ್ದನ್ನು ನಮ್ಮ ಶಾಲೆ ಕಂಡಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಗಂಟಲು ತಡೆಯಿತು. ಕೆಮ್ಮಿದರು. ಬಾಯಿಂದ ಹಸಿರು ಚೂರೊಂದನ್ನು ಎಳೆದು, ಒರೆಸಿ, ಗಟ್ಟಿಯಾಗಿ ಓದಿದರು.

"ಕೋಟೆ ಕಳ್ಳ."

ಅಳಿಸಿಹೋಗಿರಲಿಲ್ಲ. ಒಂದಕ್ಷರವೂ!

"ಗೌರೀಶ್, ಏನ್ರೀ ಇದು? ಮನೆಗೆ ಕರೆದು ನನಗೆ ಕಳ್ಳ ಅಂತ ಬಡಿಸ್ತೀರಾ?"

"ಸಾರ್... ಸಾರು... ಸಾರಿ!" ಎಂದೆ. ನನಗೆ ಆಗ ನೆನಪಾದ ಕನ್ನಡ ಅಷ್ಟೇ.

ಅವರು ತಟ್ಟೆ ಕೆದಕಿದರು. ಇನ್ನೊಂದು ಸಿಕ್ಕಿತು: 'ಸುಳ್ಳು ಹೇಳಿದರೆ ಬಿಕ್ಕಳಿಕೆ.' ಮುಖ ಕೆಂಪಾಯಿತು. ಎದ್ದೇಬಿಟ್ಟರು. ಕ್ಲಬ್ ಹೋಯಿತು, ಮಾನ ಹೋಯಿತು, ಪಾವಗಡದ ಆಚೆ ಯಾವುದೋ ಗಡಿ ಊರಿಗೆ ವರ್ಗವಾಗಿ ತೆಲುಗಿನಲ್ಲಿ ಕನ್ನಡ ಪಾಠ ಮಾಡುವುದು ಕಣ್ಣಿಗೆ ಕಟ್ಟಿತು!

ಲೋಹಿತಾ ಮಾತ್ರ ಸೌಟು ಹಿಡಿದು ನಿಂತಲ್ಲೇ ಹೇಳಿದಳು: "ಸರ್, ಕಳ್ಳ ನೀವಲ್ಲ, ನಿಮ್ಮ ಪಾತ್ರ. ರಾತ್ರಿ ಹೊತ್ತು, ಮಧುಗಿರಿ ಕೋಟೆಯ ಬಾಗಿಲು ದಾಟಿದೀರಿ. ಹೆಗಲಲ್ಲಿ ಗಂಟು. ಕಾವಲುಗಾರ ನಿಮ್ಮನ್ನ ಹಿಡಿದ."

"ನಾನ್ಯಾಕ್ರೀ ದಾಟ್ಲಿ?" ಎಂದು ಅವರು ಗುಡುಗಿದರು.

"ಯಾರ್ಲಾ ಅದು?" ಎಂದಿತು ಇನ್ನೊಂದು ದನಿ. ನೋಡಿದರೆ ರಾಜಲಕ್ಷ್ಮಮ್ಮನವರು! ಕೊರಟಗೆರೆಯ ಕಡೆಯವರು, ಕೂತಲ್ಲೇ ಸೊಂಟಕ್ಕೆ ಕೈಯಿಟ್ಟು ಕಾವಲುಗಾರನಾಗಿದ್ದರು. "ಲೇ, ಕೇಳ್ತಿರೋದು ನಿನ್ನೇ. ಹೊತ್ತಲ್ಲದ ಹೊತ್ನಾಗೆ ಇಲ್ಯಾಕೆ ಬಂದ್ಬುಟ್ಟೆ?"

ಬಹುಶಃ ಅಭ್ಯಾಸಬಲ. ಹೆಂಡತಿ ಆ ದನಿಯಲ್ಲಿ ಕೇಳಿದರೆ ಯಾವ ಗಂಡಸೂ ಉತ್ತರ ಕೊಡದೆ ಇರಲಾರ. ಮಹಾಲಿಂಗಯ್ಯನವರು ಅತ್ತಿತ್ತ ನೋಡಿ, "ಜೇನು... ಜೇನು ಕೀಳಕ್ಕೆ ಬಂದೆ ಕಣಣ್ಣ" ಎಂದರು. ತಡೆದರು. ಕೈಯಲ್ಲಿದ್ದ ಚೀಟಿ ನೋಡಿದರು. ಆಮೇಲೆ, ದೇವರಾಣೆ, "ಹಿಕ್!" ಎಂದರು.

ನಾವು ಬಿದ್ದುಬಿದ್ದು ನಕ್ಕೆವು. ಅವರು ಕೂತರು. ಸುಳ್ಳಿನ ಮೇಲೆ ಸುಳ್ಳು, ಹಿಕ್ಕಿನ ಮೇಲೆ ಹಿಕ್ಕು! ಅವರ ಕಣ್ಣಿನಲ್ಲಿ ತುಂಟ ಹುಡುಗನೊಬ್ಬ ಇಣುಕುತ್ತಿದ್ದ. ಲೋಹಿತಾ ಪಾತ್ರೆಯಿಂದ ಸೌಟಿನಲ್ಲಿ ಮೂರನೆಯ ಚೀಟಿ ಹುಡುಕಿ ತೆಗೆದು ಕೊಟ್ಟಳು: 'ತಪ್ಪು ಸರಿಪಡಿಸಿಕೊಳ್ಳುವ ಆಸೆ.'

ಮಹಾಲಿಂಗಯ್ಯನವರು ಅದನ್ನು ಬಹಳ ಹೊತ್ತು ನೋಡಿದರು. ಅವರ ದನಿ ತಗ್ಗಿತು. "ನಿಜ ಹೇಳ್ತೀನಿ ಕಣಣ್ಣ. ಕದಿಯಕ್ಕೆ ಬಂದಿಲ್ಲ. ಹಿಂದೆ ಕದ್ದಿದ್ದನ್ನ ವಾಪಸ್ ಇಡಕ್ಕೆ ಬಂದಿವ್ನಿ. ಹಗಲಲ್ಲಿ ಬರಕ್ಕೆ ಮುಖ ಇಲ್ಲ."

ಎಲ್ಲರೂ ಬಿಕ್ಕಳಿಕೆಗೆ ಕಾದೆವು. ಬರಲಿಲ್ಲ. ರಾಜಲಕ್ಷ್ಮಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳಕ್ಕೆ ಹೋಗ್ಲಾ. ನಾನು ನೋಡಿಲ್ಲ ಅಂದ್ಕೊತೀನಿ" ಎಂದರು.

ಮುದ್ದೆ ತಣ್ಣಗಾಗಿತ್ತು. ಯಾರಿಗೂ ಅದರ ಗ್ಯಾನವಿರಲಿಲ್ಲ. ಇಷ್ಟು ವರ್ಷ ನಾನು ದಿನಾ ನಮಸ್ಕಾರ ಹೊಡೆಯುತ್ತಿದ್ದ ಮನುಷ್ಯನೊಳಗೆ ಇಂಥ ನಟನೊಬ್ಬ ಕೂತಿದ್ದಾನೆಂದು ಕಂಡುಹಿಡಿಯಲು ಮೂರು ಚೀಟಿ ಸಾಕಾಯಿತು!

ಕೈ ತೊಳೆದು ಅವರು ಹೇಳಿದರು: "ಆಗಲಿ. ಕ್ಲಬ್ ಶುರು ಮಾಡಿ. ಸೂತ್ರಧಾರಿಣಿ ಲೋಹಿತಾ ಅವರು."

"ಸರ್, ನಾನು?"

"ನಿಮಗೆ ಬಿಸಿಯೂಟದ ಉಸ್ತುವಾರಿ ಕೊಡೋಣ ಅಂತಿದ್ದೆ," ಎಂದು ಸಾರಿನ ಪಾತ್ರೆ ಕಡೆ ನೋಡಿದರು. "ಈಗ ಅದೂ ಬೇಡ."

ಅವರು ಹೋದ ಮೇಲೆ ಲೋಹಿತಾ ಚೀಟಿಗಳನ್ನೆಲ್ಲ ತೊಳೆದು, ಒರೆಸಿ, ಜೋಡಿಸಿದಳು. ಮತ್ತೊಮ್ಮೆ ಪಾತ್ರೆ ಜಾಲಿಸಿದಳು.

"ಒಂದು ಸಿಗ್ತಿಲ್ಲ ಕಣ್ರೀ. 'ಮಹಾ ಬುದ್ಧಿವಂತ' ಅನ್ನೋದು. ಯಾರೋ ಮುದ್ದೆ ಜೊತೆ ನುಂಗ್ಬುಟ್ಟವ್ರೆ."

"ಅಯ್ಯಯ್ಯೋ! ನಾನೇ ನುಂಗಿದ್ನೋ ಏನೋ!" ಎಂದು ಹೊಟ್ಟೆ ಹಿಡಿದುಕೊಂಡೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವಲ್ಲ ಬಿಡಿ" ಎಂದಳು. "ನುಂಗಿದ್ರೆ ಇಷ್ಟೊತ್ತಿಗೆ ಸ್ವಲ್ಪನಾದ್ರೂ ಗುಣ ಕಾಣ್ಬೇಕಿತ್ತು!"